ಮೂಲೆಯ ಐಕಾನ್ ಬಚ್ಚಿಟ್ಟರೆ ಕಂಪ್ಯೂಟರ್ ಹಗುರಾಗದು

ಸಂಪಾದಕರಿಗೆ,

ಮಾನ್ಯರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೂರದ ಹಳೇ ಯಂತ್ರಗಳಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿಕೊಳ್ಳುವ ಯೋಚನೆ ಹಲವರಿಗೆ ಬಂದಿರುವ ಈ ಹೊತ್ತಿನಲ್ಲಿ ನಿಮ್ಮ ತಂತ್ರಜ್ಞಾನ ಅಂಕಣ ಆ ವಿಷಯ ಎತ್ತಿಕೊಂಡದ್ದು ಒಳ್ಳೆಯದೇ ಆಯಿತು. ಆದರೆ ಗಡಿಯಾರದ ಪಕ್ಕ ಸಾಲಾಗಿ ಕೂರುವ ಪುಟ್ಟ ಐಕಾನ್‌ಗಳ ಬಗ್ಗೆ ಅದರಲ್ಲಿ ಹೇಳಿರುವ ಮೂರು ಮಾತುಗಳಿಗೆ ತಿದ್ದುಪಡಿ ಬೇಕು. ಅವು ಕಂಪ್ಯೂಟರನ್ನು ನಿಧಾನ ಮಾಡುತ್ತವೆ, ಆದ್ದರಿಂದ ಬಚ್ಚಿಡಿ ಎಂಬುದು ಒಂದು. ಲಿನಕ್ಸ್‌ನವರು ಅವನ್ನು ತೆಗೆದೇ ಹಾಕಿದ್ದಾರೆ ಎಂಬುದು ಇನ್ನೊಂದು. ಬೇಕೇಬೇಕೆಂದರೆ ಒಂದು ಎಕ್ಸ್‌ಟೆನ್ಶನ್, ಅಂದರೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ, ಹಾಕಿಕೊಂಡರೆ ಮುಗಿಯಿತು ಎಂಬುದು ಮೂರನೆಯದು. ಮೊದಲನೆಯದು ತಪ್ಪು. ಎರಡನೆಯದು ಅರ್ಧ ನಿಜ. ಮೂರನೆಯದನ್ನು ನಂಬಿ ಹೊರಟವರಲ್ಲಿ ಅನೇಕರು ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಐಕಾನ್ ಎಂದರೆ 16 ಅಥವಾ 24 ಅಥವಾ 32 ಪಿಕ್ಸೆಲ್ ಅಗಲದ ಚಿತ್ರ, ಅಷ್ಟೆ. ಮೆಮೊರಿ ತಿನ್ನುವುದು, ಬ್ಯಾಟರಿ ಹೀರುವುದು, ಡೇಟಾ ಖರ್ಚು ಮಾಡುವುದು ಅದರ ಹಿಂದೆ ಓಡುತ್ತಿರುವ ಆ್ಯಪ್. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಟಾಸ್ಕ್‌ಬಾರ್ ಎಂದು ಹೋಗಿ ಒಂದು ಐಕಾನ್ ಆಫ್ ಮಾಡಿದರೆ ಅದು ಗಡಿಯಾರದ ಪಕ್ಕದಿಂದ ಎದ್ದು ಬಾಣದ ಗುರುತಿನ ಹಿಂದಿರುವ ಪೆಟ್ಟಿಗೆ ಸೇರುತ್ತದೆ. ಆ್ಯಪ್ ಮಾತ್ರ ಮೊದಲಿನಂತೆಯೇ ಓಡುತ್ತಿರುತ್ತದೆ. ಮೀಟರ್ ಬೋರ್ಡಿನ ಕೆಂಪು ದೀಪಕ್ಕೆ ಟೇಪು ಅಂಟಿಸಿದರೆ ಕರೆಂಟ್ ಬಿಲ್ಲು ಇಳಿಯುತ್ತದೆಯೇ?

ಯಂತ್ರ ಹಗುರಾಗಬೇಕಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಸ್ಟಾರ್ಟಪ್ ಆ್ಯಪ್ಸ್ ಪಟ್ಟಿಯಿದೆ. ಬೇಡದ್ದರ ಮೇಲೆ ಬಲ ಕ್ಲಿಕ್ ಮಾಡಿ ಡಿಸೇಬಲ್ ಕೊಟ್ಟು, ಒಮ್ಮೆ ರೀಸ್ಟಾರ್ಟ್ ಮಾಡಿ. ಆಗ ಆ್ಯಪ್ಪೇ ಶುರುವಾಗುವುದಿಲ್ಲ, ಐಕಾನೂ ಬರುವುದಿಲ್ಲ. ಪ್ರಿಂಟರ್ ಜೊತೆ ಬಂದ ಇಂಕ್ ಮಾರುವ ಆ್ಯಪ್, ಯಾವತ್ತೋ ಹಾಕಿದ ಗೇಮ್ ಲಾಂಚರ್, ಮ್ಯೂಸಿಕ್ ಪ್ಲೇಯರ್ ಇಂಥವನ್ನು ಧೈರ್ಯವಾಗಿ ಆಫ್ ಮಾಡಬಹುದು. ಯುಪಿಎಸ್ ಬ್ಯಾಟರಿ ನೋಡಿಕೊಳ್ಳುವ ತಂತ್ರಾಂಶ, ಟಚ್‌ಪ್ಯಾಡಿನದು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಗುರುತಿಸುವ ತಂತ್ರಾಂಶ ಇವನ್ನು ಮುಟ್ಟಬೇಡಿ. ರಿಟರ್ನ್ ಸಲ್ಲಿಸುವ ಕೊನೇ ದಿನ ಟೋಕನ್ ಕಾಣಿಸುತ್ತಿಲ್ಲ ಎಂದು ಆಡಿಟರ್ ಕಚೇರಿಯಲ್ಲಿ ಗಲಾಟೆ ಏಳುವುದಕ್ಕೆ ಇಂಥ ಒಂದು ಡಿಸೇಬಲ್ ಸಾಕು.

ಈ ಮೂಲೆ 1995ರಲ್ಲಿ ವಿಂಡೋಸ್ 95ರ ಜೊತೆ ಬಂದದ್ದು. ಕಿಟಕಿ ತೆರೆದಿರದಿದ್ದರೂ ಕೆಲಸ ನಡೆಸುತ್ತಿರುವ ತಂತ್ರಾಂಶ ತನ್ನ ಸ್ಥಿತಿ ತಿಳಿಸಲಿ ಎಂಬುದು ಉದ್ದೇಶ. ಹೊಸ ಜಾಗ ಸಿಕ್ಕಿತೆಂದು ಎಲ್ಲರೂ ನುಗ್ಗಿದರು. ಸ್ಥಿತಿ ತಿಳಿಸಲು ಏನೂ ಇಲ್ಲದವರು ಕೂಡ ಅದನ್ನು ಉಚಿತ ಜಾಹೀರಾತು ಫಲಕ ಮಾಡಿಕೊಂಡರು. 2001ರ ವಿಂಡೋಸ್ ಎಕ್ಸ್‌ಪಿ, ಬಳಸದ ಐಕಾನ್‌ಗಳನ್ನು ತಾನೇ ಮರೆಮಾಡತೊಡಗಿತು. 2009ರ ವಿಂಡೋಸ್ 7 ಇನ್ನಷ್ಟು ಬಿಗಿಯಾಯಿತು: ಹೊಸದಾಗಿ ಬರುವ ಪ್ರತಿ ಐಕಾನೂ ಮೊದಲು ಬಾಣದ ಹಿಂದಿನ ಪೆಟ್ಟಿಗೆಗೇ ಹೋಗಬೇಕು. ಅಲ್ಲಿಂದ ಎಳೆದು ಮುಂದೆ ಕೂರಿಸುವ ಅಧಿಕಾರ ಬಳಕೆದಾರನಿಗೆ ಮಾತ್ರ. ಆ್ಯಪ್ ತನ್ನನ್ನು ತಾನೇ ಮುಂದಕ್ಕೆ ತಂದುಕೊಳ್ಳಲು ದಾರಿಯನ್ನೇ ಇಡಲಿಲ್ಲ. ಈ ಇಡೀ ಜಗಳದಲ್ಲಿ ಯಾರಾದರೂ ತೆಗೆದುಕೊಂಡ ಸರಿಯಾದ ನಿರ್ಧಾರ ಇದೇ ಎಂದು ನನ್ನ ಎಣಿಕೆ. ಐಕಾನ್ ಇರಬೇಕೋ ಬೇಡವೋ ಎಂಬುದಕ್ಕಿಂತ, ಅದನ್ನು ತೀರ್ಮಾನಿಸುವವರು ಯಾರು ಎಂಬುದು ದೊಡ್ಡ ಪ್ರಶ್ನೆ.

ವಿಂಡೋಸ್‌ನಲ್ಲೂ ಎಲ್ಲ ಸರಿಯಿಲ್ಲ. ಆ್ಯಪ್ ಕುಸಿದು ಬಿದ್ದರೆ ಅದರ ಐಕಾನ್ ಅಲ್ಲೇ ಉಳಿದಿರುತ್ತದೆ. ಮೌಸ್ ಅದರ ಮೇಲೆ ಹಾಯ್ದ ಕೂಡಲೇ ಮಾಯವಾಗುತ್ತದೆ. ಇದು ಮಾಟವಲ್ಲ. ಐಕಾನಿನ ಒಡೆಯ ಬದುಕಿದ್ದಾನೆಯೇ ಎಂದು ಎಕ್ಸ್‌ಪ್ಲೋರರ್ (ಟಾಸ್ಕ್‌ಬಾರ್ ನಡೆಸುವ ವಿಂಡೋಸ್ ತಂತ್ರಾಂಶ) ವಿಚಾರಿಸುವುದು ಮೌಸ್ ಸುದ್ದಿ ಮುಟ್ಟಿಸುವಾಗ ಮಾತ್ರ. ಇದಕ್ಕೆ ಉಲ್ಟಾ ಆಗುವುದೂ ಉಂಟು. ಎಕ್ಸ್‌ಪ್ಲೋರರ್ ಕುಸಿದು ಮತ್ತೆ ಎದ್ದಾಗ 'ಟಾಸ್ಕ್‌ಬಾರ್ ಹೊಸದಾಗಿ ಹುಟ್ಟಿದೆ' ಎಂಬ ಸಂದೇಶವನ್ನು ಎಲ್ಲ ಆ್ಯಪ್‌ಗಳಿಗೂ ಕಳಿಸುತ್ತದೆ. ಅದನ್ನು ಕೇಳಿಸಿಕೊಂಡು ಮತ್ತೆ ಐಕಾನ್ ಇಡುವ ಕೋಡ್ ಬರೆಯದ ಆ್ಯಪ್‌ಗಳು ಬದುಕಿದ್ದೂ ಕಾಣದಂತಾಗುತ್ತವೆ. ಇನ್ನು, ಅಪ್‌ಡೇಟ್ ಆದಾಗಲೆಲ್ಲ ಆವೃತ್ತಿ ಸಂಖ್ಯೆಯ ಹೆಸರಿರುವ ಹೊಸ ಫೋಲ್ಡರಿಗೆ ಹೋಗಿ ಕೂರುವ ಆ್ಯಪ್‌ಗಳಿವೆ. ವಿಂಡೋಸ್ ಐಕಾನನ್ನು ಗುರುತಿಸುವುದು ಫೈಲ್ ಇರುವ ಜಾಗದಿಂದ. ಜಾಗ ಬದಲಾಯಿತೆಂದರೆ ನೀವು ಎಳೆದು ಮುಂದೆ ಕೂರಿಸಿದ್ದ ಐಕಾನ್ ಮತ್ತೆ ಪೆಟ್ಟಿಗೆಯೊಳಗೆ. ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಒಂದೇ ಆ್ಯಪ್‌ನ ಹೆಸರು ಎರಡು ಮೂರು ಸಲ ಕಾಣುವುದಕ್ಕೂ ಕಾರಣ ಇದೇ.

ಈಗ ಲಿನಕ್ಸ್. 'ಲಿನಕ್ಸ್‌ನವರು ತೆಗೆದರು' ಎನ್ನುವ ಮಾತು ಸಲ್ಲುವುದು ಮುಖ್ಯವಾಗಿ ಗ್ನೋಮ್ ಎಂಬ ಒಂದು ಡೆಸ್ಕ್‌ಟಾಪಿಗೆ. ಡೆಸ್ಕ್‌ಟಾಪ್ ಎಂದರೆ ಪರದೆಯ ಪಟ್ಟಿ, ಮೆನು, ಕಿಟಕಿಗಳನ್ನು ನೋಡಿಕೊಳ್ಳುವ ಭಾಗ. ಲಿನಕ್ಸ್‌ನಲ್ಲಿ ಇಂಥವು ಹಲವು. ಫೆಡೋರಾ ವರ್ಕ್‌ಸ್ಟೇಶನ್ ಎಂಬ ಲಿನಕ್ಸ್ ಬಗೆ ಗ್ನೋಮನ್ನು ಹಾಗೇ ಕೊಡುತ್ತದೆ. ಉಬುಂಟು ಎಂಬ ಇನ್ನೊಂದು ಬಗೆ ಕೊಡುವುದು ತನ್ನ ಸೇರ್ಪಡೆಗಳೊಂದಿಗೆ. ಲಿನಕ್ಸ್ ಮಿಂಟ್‌ನ ಸಿನಮನ್, ಕೆಡಿಇಯವರ ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ ಇವುಗಳಲ್ಲೆಲ್ಲ ಐಕಾನ್ ಸಾಲು ಇವತ್ತಿಗೂ ಇದೆ.

ಗ್ನೋಮ್ ತೆಗೆದದ್ದೇಕೆ ಎಂಬುದನ್ನು ನ್ಯಾಯವಾಗಿ ಹೇಳಬೇಕು, ಏಕೆಂದರೆ ಅವರ ದೂರಿನಲ್ಲಿ ಹುರುಳಿತ್ತು. ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಪರದೆಯ ಮೇಲೆ ಮೂಡಿಸುವ ಹಳೆಯ ಎಕ್ಸ್11 ಪದ್ಧತಿಯಲ್ಲಿ ಐಕಾನ್ ಎಂದರೆ ಬರೀ ಚಿತ್ರವಲ್ಲ. ಆ್ಯಪ್‌ಗೆ ಸೇರಿದ ಒಂದು ಪುಟ್ಟ ಕಿಟಕಿ. ಎಕ್ಸ್‌ಎಂಬೆಡ್ ಎಂಬ ವಿಧಾನದಲ್ಲಿ ಆ ಕಿಟಕಿಯನ್ನು ತಂದು ಪ್ಯಾನೆಲ್ಲಿನೊಳಗೆ (ಐಕಾನ್ ಸಾಲಿರುವ ಪಟ್ಟಿಯೊಳಗೆ) ತುರುಕುತ್ತಿದ್ದರು. ಹಾಗಾಗಿ ಕಪ್ಪು ಪ್ಯಾನೆಲ್ಲಿನಲ್ಲಿ ಬೂದು ಚೌಕದ ಹಿನ್ನೆಲೆಯ ಐಕಾನ್, 24 ಪಿಕ್ಸೆಲ್ ಜಾಗದಲ್ಲಿ ಮುದುಡಿ ಕೂತ 16 ಪಿಕ್ಸೆಲ್ ಐಕಾನ್, ಹೈ ರೆಸಲ್ಯೂಶನ್ ಪರದೆಯಲ್ಲಿ ಮಸುಕಾದ ಐಕಾನ್ ಎಲ್ಲವೂ ಒಂದೇ ಸಾಲಿನಲ್ಲಿ. ಒಂದರಲ್ಲಿ ಎಡ ಕ್ಲಿಕ್‌ಗೆ ಮೆನು, ಇನ್ನೊಂದರಲ್ಲಿ ಬಲ ಕ್ಲಿಕ್‌ಗೆ, ಮತ್ತೊಂದರಲ್ಲಿ ಎರಡಕ್ಕೂ ಏನೂ ಇಲ್ಲ. ಕೀಬೋರ್ಡಿನಿಂದ ಅಲ್ಲಿಗೆ ತಲುಪುವುದೇ ಕಷ್ಟ. ದೃಷ್ಟಿಯಿಲ್ಲದವರು ಬಳಸುವ ಸ್ಕ್ರೀನ್ ರೀಡರ್‌ಗೆ ಓದಲು ಅಲ್ಲಿ ಏನೂ ಸಿಗುತ್ತಿರಲಿಲ್ಲ. ಎಕ್ಸ್11ರ ಬದಲಿಗೆ ಮುಂದೆ ಬಂದ ವೇಲ್ಯಾಂಡ್‌ನಲ್ಲಿ ಒಂದು ಆ್ಯಪ್‌ನ ಕಿಟಕಿಯನ್ನು ಇನ್ನೊಂದರ ಹೊಟ್ಟೆಯೊಳಗೆ ಹೀಗೆ ಇಡುವಂತೆಯೇ ಇಲ್ಲ. ಹಳೆಯದು ಹೋಗಲೇಬೇಕಿತ್ತು.

ಆದರೆ ಹೊಸದು ಅಷ್ಟರಲ್ಲಾಗಲೇ ಬಂದಿತ್ತು. 2010ರ ಫೆಬ್ರವರಿಯಲ್ಲಿ ಬಂದ ಕೆಡಿಇ 4.4 ಈ ವ್ಯವಸ್ಥೆಯನ್ನು ಬುಡಸಮೇತ ಬದಲಿಸಿತು. ಸ್ಟೇಟಸ್ ನೋಟಿಫೈಯರ್ ಐಟಮ್ ಎಂದು ಅದರ ಹೆಸರು. ಇಲ್ಲಿ ಆ್ಯಪ್ ಕಿಟಕಿ ಕಳಿಸುವುದಿಲ್ಲ. ಡಿ-ಬಸ್ ಎಂಬ ಸಂದೇಶ ಮಾರ್ಗದಲ್ಲಿ ತನ್ನ ಮಾಹಿತಿ ಕಳಿಸುತ್ತದೆ: ನನ್ನ ಐಕಾನಿನ ಹೆಸರು ಇದು, ನನ್ನ ಮೆನುವಿನಲ್ಲಿ ಇವಿವೆ, ನಾನು ಸಂವಹನದ ಆ್ಯಪ್ ಅಥವಾ ಹಾರ್ಡ್‌ವೇರಿಗೆ ಸಂಬಂಧಿಸಿದವನು, ಈಗ ನಾನು ಸುಮ್ಮನಿದ್ದೇನೆ, ಕೆಲಸದಲ್ಲಿದ್ದೇನೆ, ಇಲ್ಲವೇ ನಿಮ್ಮ ಗಮನ ಬೇಕಾಗಿದೆ. ಚಿತ್ರ ಬರೆಯುವುದು, ಗಾತ್ರ ಬಣ್ಣ ಹೊಂದಿಸುವುದು, ತೋರಿಸುವುದು, ಬಚ್ಚಿಡುವುದು ಎಲ್ಲ ಪ್ಯಾನೆಲ್‌ನ ಕೆಲಸ. ಉಬುಂಟು ಕೂಡ 2010ರ ಏಪ್ರಿಲ್‌ನ 10.04 ಆವೃತ್ತಿಯಲ್ಲಿ ಆ್ಯಪ್ ಇಂಡಿಕೇಟರ್ ಎಂಬ ಹೆಸರಿನಲ್ಲಿ ಇದೇ ಜಾಡು ಹಿಡಿಯಿತು. ಮೇಲೆ ಹೇಳಿದ ದೂರುಗಳಲ್ಲಿ ಹೆಚ್ಚಿನವಕ್ಕೆ ಇದರಲ್ಲಿ ಉತ್ತರ ಇತ್ತು. ಕೊರತೆಗಳೂ ಇದ್ದವು. ಎಡ ಕ್ಲಿಕ್ ಕಿಟಕಿ ತೆರೆಯಬೇಕೋ ಮೆನು ತೆರೆಯಬೇಕೋ ಎಂಬಲ್ಲಿ ಕೆಡಿಇ ಮತ್ತು ಉಬುಂಟು ಬೇರೆ ಬೇರೆ ದಾರಿ ಹಿಡಿದವು. ಎಲ್ಲರೂ ಕೂತು ಒಪ್ಪಿದ ಪಕ್ಕಾ ಮಾನದಂಡವಾಗಿ ಅದು ಬೆಳೆಯಲಿಲ್ಲ. ಇವತ್ತಿಗೂ ಸಂದೇಶದ ವಿಳಾಸದಲ್ಲಿ ಕೆಡಿಇ ಹೆಸರೇ ಇದೆ.

ಗ್ನೋಮ್ ಆ ಮೇಜಿಗೆ ಬಂದು ಕೂರಲೇ ಇಲ್ಲ. ಅದರ ಮೇಲೆ ನನ್ನ ಮುಖ್ಯ ತಕರಾರು ಇದು. 2011ರ ಏಪ್ರಿಲ್‌ನಲ್ಲಿ ಬಂದ ಗ್ನೋಮ್ 3, ಐಕಾನ್‌ಗಳನ್ನು ಪರದೆಯ ಕೆಳಗಿನ ಅಡಗು ಪಟ್ಟಿಗೆ ತಳ್ಳಿತು. 2015ರ ಮಾರ್ಚ್‌ನ 3.16ರಲ್ಲಿ ಎಡ ಕೆಳಮೂಲೆಯ ಪುಟ್ಟ ಗೂಡಿಗೆ. 2017ರ ಸೆಪ್ಟೆಂಬರ್‌ನ 3.26ರಲ್ಲಿ ಅದನ್ನೂ ಕಿತ್ತು ಹಾಕಿತು. ಬದಲಿಗೆ ನೋಟಿಫಿಕೇಶನ್ ಬಳಸಿ, ಹಾಡಿನ ನಿಯಂತ್ರಣ ಕ್ಯಾಲೆಂಡರ್ ಪಟ್ಟಿಯಲ್ಲಿ ಸಿಗುತ್ತದೆ, ಕಿಟಕಿ ಮುಚ್ಚಿದರೆ ಆ್ಯಪ್ ಮುಚ್ಚಿದಂತೆ ಎಂಬುದು ಅವರ ವಾದ. ನೋಟಿಫಿಕೇಶನ್ ಎಂದರೆ ಆಗಿಹೋದ ಘಟನೆ: ಮೆಸೇಜ್ ಬಂತು, ಡೌನ್‌ಲೋಡ್ ಮುಗಿಯಿತು. ಐಕಾನ್ ಹೇಳುವುದು ಈಗ ನಡೆಯುತ್ತಿರುವ ಸ್ಥಿತಿ: ವಿಪಿಎನ್ ಜೋಡಿಸಿಕೊಂಡಿದೆ, ಫೈಲ್‌ಗಳು ಇನ್ನೂ ಸಿಂಕ್ ಆಗುತ್ತಿವೆ, ಯುಪಿಎಸ್ ಬ್ಯಾಟರಿಯಲ್ಲಿದೆ. ಹತ್ತು ನಿಮಿಷದ ಹಿಂದೆ ಬಂದು ಹೋದ ನೋಟಿಫಿಕೇಶನ್ ಈಗ ಕರೆಂಟ್ ಇದೆಯೋ ಇಲ್ಲವೋ ಹೇಳುವುದಿಲ್ಲ. ಇದು ಗ್ನೋಮ್‌ನವರಿಗೂ ಗೊತ್ತು. ಆದ್ದರಿಂದಲೇ ತಮ್ಮದೇ ಆದ ವೈಫೈ, ಬ್ಯಾಟರಿ, ಮೈಕ್ ಬಳಕೆಯಲ್ಲಿದೆ ಎಂಬ ಸೂಚನೆ, ಪರದೆ ಹಂಚಿಕೆಯ ಸೂಚನೆ ಇವನ್ನೆಲ್ಲ ಮೇಲುಪಟ್ಟಿಯಲ್ಲೇ ಕೂರಿಸಿಕೊಂಡಿದ್ದಾರೆ. ತಮಗೆ ಬೇಕಾದದ್ದು ಬೇರೆ ಆ್ಯಪ್ ಬರೆಯುವವರಿಗೆ ಬೇಡ ಎನ್ನುವುದು ಯಾವ ಲೆಕ್ಕ?

ಐಕಾನ್ ಇಲ್ಲದ ಕಡೆ ನಿಜವಾಗಿ ಏನು ಕೆಡುತ್ತದೆ ಎಂಬುದನ್ನು ಅಂಕಣ ಹೇಳಿಲ್ಲ. ಹೊಸಬರಿಗೆ ಗೊತ್ತಿರಬೇಕಾದದ್ದು ಅದೇ. ಚಾಟ್ ಆ್ಯಪ್, ಟಾರೆಂಟ್ ಆ್ಯಪ್, ಸಿಂಕ್ ಆ್ಯಪ್‌ಗಳಲ್ಲಿ ಅನೇಕವು ಮೂಲೆಯ ಇಂಟು ಗುರುತು ಒತ್ತಿದಾಗ ಮುಚ್ಚಿಕೊಳ್ಳುವುದಿಲ್ಲ. ಕಿಟಕಿಯನ್ನು ಅಡಗಿಸಿ ಐಕಾನಿಗೆ ಇಳಿಯುತ್ತವೆ. ಫೆಡೋರಾದ ಗ್ನೋಮ್‌ನಲ್ಲಿ ಐಕಾನ್ ಇಡಲು ಜಾಗವೇ ಇಲ್ಲ. ಕಿಟಕಿ ಹೋಯಿತು, ಐಕಾನ್ ಬರಲಿಲ್ಲ, ಆ್ಯಪ್ ಮಾತ್ರ ಓಡುತ್ತಿದೆ. ಬಳಕೆದಾರ ಮುಚ್ಚಿದೆನೆಂದು ತಿಳಿದಿರುತ್ತಾನೆ. ಮತ್ತೆ ತೆರೆದಾಗ ಚೆನ್ನಾಗಿ ಬರೆದ ಆ್ಯಪ್ ಹಳೆಯ ಕಿಟಕಿಯನ್ನೇ ಎತ್ತಿ ತೋರಿಸುತ್ತದೆ. ಉಳಿದವು 'ಈಗಾಗಲೇ ಓಡುತ್ತಿದೆ' ಎಂದು ಬೈದು ಸುಮ್ಮನಾಗುತ್ತವೆ, ಇಲ್ಲವೇ ಏನೂ ಮಾಡುವುದಿಲ್ಲ. ಆಗ ಸಿಸ್ಟಂ ಮಾನಿಟರ್ ತೆರೆದು, ಪ್ರೊಸೆಸ್ ಪಟ್ಟಿಯಲ್ಲಿ ಹೆಸರು ಹುಡುಕಿ, ಬಲ ಕ್ಲಿಕ್ ಮಾಡಿ ಮೊದಲು ಸ್ಟಾಪ್ ಅಲ್ಲ, ಎಂಡ್ ಅಥವಾ ಟರ್ಮಿನೇಟ್ ಎಂದಿರುವುದನ್ನು ಕೊಡಬೇಕು. ಸ್ಟಾಪ್ ಎಂದರೆ ಅದನ್ನು ಅಲ್ಲಾಡದಂತೆ ನಿಲ್ಲಿಸುವುದಷ್ಟೆ, ಮೆಮೊರಿ ಬಿಡುಗಡೆಯಾಗದು. ಕಿಲ್ ಕೊಟ್ಟರೆ ಉಳಿಸದ ಡೇಟಾ ಹೋಗಬಹುದು. ಅದು ಕೊನೆಯ ಉಪಾಯ.

ಇದಕ್ಕೆ ಆ್ಯಪ್ ಬರೆದವರ ಪಾಲೂ ಇದೆ. ಆ್ಯಪ್ ಬರೆಯಲು ಬಳಸುವ ಕ್ಯೂಟಿ ಲೈಬ್ರರಿಯಲ್ಲಿ 'ಇಲ್ಲಿ ಸಿಸ್ಟಂ ಟ್ರೇ (ಐಕಾನ್ ಸಾಲು) ಉಂಟೇ?' ಎಂದು ಕೇಳುವುದಕ್ಕೆ ಒಂದೇ ಸಾಲಿನ ಫಂಕ್ಷನ್ ಇದೆ. ಇಲ್ಲ ಎಂಬ ಉತ್ತರ ಬಂದರೆ ಇಂಟು ಗುರುತಿಗೆ ಆ್ಯಪ್ ಪೂರ್ತಿ ಮುಚ್ಚುವಂತೆ ಮಾಡಿದರೆ ಇಷ್ಟೆಲ್ಲ ಪಾಡಿಲ್ಲ. ಕೇಳುವವರು ಕಡಿಮೆ. ಕೇಳಿದವರೂ ಆ್ಯಪ್ ಶುರುವಾಗುವಾಗ ಒಮ್ಮೆ ಕೇಳಿ ಬಿಡುತ್ತಾರೆ. ಲಾಗಿನ್ ಆದ ಕೂಡಲೇ ತಾನಾಗಿ ಶುರುವಾಗುವ ಆ್ಯಪ್, ಐಕಾನ್ ತೋರಿಸುವ ಎಕ್ಸ್‌ಟೆನ್ಶನ್ ಎದ್ದು ಕೂರುವ ಮೊದಲೇ ಈ ಪ್ರಶ್ನೆ ಕೇಳಿ 'ಇಲ್ಲ' ಎಂಬ ಉತ್ತರ ಪಡೆದರೆ ಆ ದಿನವಿಡೀ ಐಕಾನ್ ಬರುವುದಿಲ್ಲ. ಕೈಯಿಂದ ಮುಚ್ಚಿ ತೆರೆದರೆ ಬರುತ್ತದೆ. 'ಒಂದೊಂದು ದಿನ ಬರುತ್ತೆ, ಒಂದೊಂದು ದಿನ ಬರಲ್ಲ' ಎಂಬ ದೂರು ಹುಟ್ಟುವುದು ಇಲ್ಲಿ. ತಾತ್ಕಾಲಿಕ ಪರಿಹಾರ: ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಎಚ್ ಒತ್ತಿ ಮರೆಯಲ್ಲಿರುವುದನ್ನು ತೋರಿಸಿ, ಚುಕ್ಕಿ ಕಾನ್‌ಫಿಗ್ ಫೋಲ್ಡರಿನ ಆಟೋಸ್ಟಾರ್ಟ್ ಒಳಗೆ ಆ ಆ್ಯಪ್‌ನ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಿರಿ. ಎಕ್ಸೆಕ್ ಎಂಬ ಸಾಲಿನಲ್ಲಿರುವ ಆಜ್ಞೆಯನ್ನು, 10 ಸೆಕೆಂಡ್ ಸ್ಲೀಪ್ ಮಾಡಿ ಆಮೇಲೆ ಆ್ಯಪ್ ಶುರುಮಾಡುವ ಶೆಲ್ ಆಜ್ಞೆಯಾಗಿ ಬದಲಿಸಿ. ಹಳೇ ಹಾರ್ಡ್ ಡಿಸ್ಕಿನ ಯಂತ್ರಕ್ಕೆ 20 ಇಡಿ.

ಗ್ನೋಮ್ ತಾನು ಮಾಡಿದ್ದನ್ನು ಅರ್ಧ ತಿದ್ದಿಕೊಂಡದ್ದು 2023ರ ಮಾರ್ಚ್‌ನ 44ನೇ ಆವೃತ್ತಿಯಲ್ಲಿ. ಮೇಲೆ ಬಲಮೂಲೆ ಒತ್ತಿದರೆ ತೆರೆಯುವ ಕ್ವಿಕ್ ಸೆಟ್ಟಿಂಗ್ಸ್‌ನ ಕೆಳಭಾಗದಲ್ಲಿ ಬ್ಯಾಕ್‌ಗ್ರೌಂಡ್ ಆ್ಯಪ್ಸ್ ಎಂಬ ಪಟ್ಟಿ. ಕಿಟಕಿಯಿಲ್ಲದೆ ಓಡುತ್ತಿರುವ ಆ್ಯಪ್‌ನ ಹೆಸರು ಅಲ್ಲಿ ಬರುತ್ತದೆ, ಪಕ್ಕದ ಇಂಟು ಗುರುತಿನಿಂದ ಅದನ್ನು ನಿಲ್ಲಿಸಬಹುದು. ಆ್ಯಪ್ ಬಯಸಿದರೆ 'ಫೈಲ್ ಸಿಂಕ್ ಆಗುತ್ತಿದೆ' ಎಂಬಂಥ ಒಂದು ಸಾಲನ್ನೂ ಅಲ್ಲಿ ಬರೆಯಬಹುದು. ಮಿತಿ 96 ಅಕ್ಷರಕ್ಕಿಂತ ಕಡಿಮೆ. ಒಳ್ಳೆಯ ಯೋಚನೆ, ಆದರೆ ಅದು ಕಾಣುವುದು ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ, ಅಂದರೆ ಉಳಿದವುಗಳಿಂದ ಬೇರ್ಪಡಿಸಿದ ಪೊಟ್ಟಣವಾಗಿ, ಹಾಕಿಕೊಂಡ ಆ್ಯಪ್‌ಗಳನ್ನು ಮಾತ್ರ. ಡೆಬ್, ಆರ್‌ಪಿಎಂ ಎಂಬ ಮಾಮೂಲಿ ಪ್ಯಾಕೇಜುಗಳಿಂದ ಹಾಕಿಕೊಂಡದ್ದು ಎಷ್ಟೇ ಓಡುತ್ತಿದ್ದರೂ ಆ ಪಟ್ಟಿಗೆ ಬರುವುದಿಲ್ಲ. ಮೆನು ಇಲ್ಲ, ಸ್ಥಿತಿ ತೋರಿಸುವ ಚಿತ್ರ ಇಲ್ಲ, ನೋಡಬೇಕೆಂದರೆ ಪ್ರತಿ ಸಲವೂ ಮೂಲೆ ಒತ್ತಿ ತೆರೆಯಬೇಕು. ವಿಪಿಎನ್ ಕಡಿದದ್ದು ಪಟ್ಟಿ ತೆರೆದಾಗ ಮಾತ್ರ ತಿಳಿಯುವುದಾದರೆ ತಿಳಿದೂ ಪ್ರಯೋಜನ ಅಷ್ಟಕ್ಕಷ್ಟೆ.

ಎಕ್ಸ್‌ಟೆನ್ಶನ್ ವಿಷಯಕ್ಕೆ ಬರೋಣ. ಉಬುಂಟು 2017ರ ಅಕ್ಟೋಬರ್‌ನ 17.10ರಲ್ಲಿ ಗ್ನೋಮ್‌ಗೆ ಮರಳಿದಾಗಿನಿಂದ ಐಕಾನ್ ತೋರಿಸುವ ಎಕ್ಸ್‌ಟೆನ್ಶನ್ನನ್ನು ತಾನೇ ಸೇರಿಸಿ ಕೊಡುತ್ತಿದೆ. ಹಾಗಾಗಿ ಉಬುಂಟು ಬಳಸುವವರು ಏನನ್ನೂ ಹಾಕಿಕೊಳ್ಳಬೇಕಿಲ್ಲ. ಅಂಕಣದಲ್ಲಿ ಹೇಳಿದಂತೆ ವೆಬ್‌ಸೈಟಿನಿಂದ ಇನ್ನೊಂದನ್ನು ತಂದು ಹಾಕಿದರೆ ಒಂದೇ ಕೆಲಸಕ್ಕೆ ಇಬ್ಬರಾಗಿ ತೊಡಕಾಗುವುದೇ ಹೆಚ್ಚು. ಫೆಡೋರಾದವರಿಗೆ ಬೇಕಾಗುತ್ತದೆ. ಅವರೂ ವೆಬ್‌ಸೈಟಿಗೆ ಹೋಗುವ ಬದಲು ಫೆಡೋರಾದ ಸ್ವಂತ ತಂತ್ರಾಂಶ ಭಂಡಾರದಿಂದ ತಂದುಕೊಳ್ಳುವುದು ಲೇಸು. ಗ್ನೋಮ್ ಶೆಲ್ ಎಕ್ಸ್‌ಟೆನ್ಶನ್ ಆ್ಯಪ್‌ಇಂಡಿಕೇಟರ್, ಪದಗಳ ನಡುವೆ ಅಡ್ಡಗೆರೆ ಹಾಕಿದರೆ ಅದೇ ಪ್ಯಾಕೇಜಿನ ಹೆಸರು. ಟರ್ಮಿನಲ್‌ನಲ್ಲಿ ಸುಡೊ ಡಿಎನ್‌ಎಫ್ ಇನ್‌ಸ್ಟಾಲ್ ಆಜ್ಞೆಗೆ ಈ ಹೆಸರು ಕೊಡಿ. ಮುಗಿದ ಮೇಲೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ಹಲವರು ಬಿಡುವ ಹಂತ ಇದೇ. ಆಲ್ಟ್ ಎಫ್2 ಒತ್ತಿ 'ಆರ್' ಎಂದು ಹೊಡೆದು ಗ್ನೋಮ್ ಶೆಲ್ (ಪಟ್ಟಿ, ಮೆನು ತೋರಿಸುವ ಭಾಗ) ಮಾತ್ರ ರೀಸ್ಟಾರ್ಟ್ ಮಾಡುವ ಹಳೇ ಉಪಾಯ ನಡೆಯುತ್ತಿದ್ದದ್ದು ಎಕ್ಸ್11ರಲ್ಲಿ. ವೇಲ್ಯಾಂಡ್‌ನಲ್ಲಿ ಶೆಲ್ ನಿಂತರೆ ತೆರೆದಿರುವ ಕಿಟಕಿಗಳೆಲ್ಲ ಹೋದಂತೆ, ಆದ್ದರಿಂದ ಆ ದಾರಿ ಮುಚ್ಚಿದೆ. ಮತ್ತೆ ಲಾಗಿನ್ ಆದ ಮೇಲೆ ಎಕ್ಸ್‌ಟೆನ್ಶನ್ಸ್ ಎಂಬ ಆ್ಯಪ್ ತೆರೆದು, ಆ್ಯಪ್‌ಇಂಡಿಕೇಟರ್ ಎಂದು ಶುರುವಾಗುವ ಹೆಸರಿನ ಮುಂದಿನ ಸ್ವಿಚ್ ಆನ್ ಮಾಡಿ.

ಭಂಡಾರದಿಂದಲೇ ಏಕೆ? ಎಕ್ಸ್‌ಟೆನ್ಶನ್ ಎಂದರೆ ಗ್ನೋಮ್ ಶೆಲ್‌ನ ಒಳಗೇ ಓಡುವ ಕೋಡ್. ಆರು ತಿಂಗಳಿಗೊಮ್ಮೆ ಹೊಸ ಗ್ನೋಮ್ ಬರುತ್ತದೆ, ಒಳಗಿನ ವ್ಯವಸ್ಥೆ ಬದಲಾಗುತ್ತದೆ, ಎಕ್ಸ್‌ಟೆನ್ಶನ್ ಕೆಡುತ್ತದೆ. 2023ರ ಸೆಪ್ಟೆಂಬರ್‌ನ 45ನೇ ಆವೃತ್ತಿಯಲ್ಲಿ ಜಾವಾಸ್ಕ್ರಿಪ್ಟ್ ಮಾಡ್ಯೂಲುಗಳ ಪದ್ಧತಿಯನ್ನೇ ಬದಲಿಸಿದ್ದರಿಂದ ಒಂದೂ ಬಿಡದೆ ಎಲ್ಲ ಹಳೇ ಎಕ್ಸ್‌ಟೆನ್ಶನ್‌ಗಳೂ ನಿಂತುಹೋದವು. ಪ್ರತಿಯೊಂದನ್ನೂ ತಿದ್ದಿ ಬರೆಯಬೇಕಾಯಿತು. ಭಂಡಾರದಲ್ಲಿರುವುದು ಆಯಾ ಆವೃತ್ತಿಗೆ ಹೊಂದಿಸಿದ್ದು. ಅಷ್ಟೊಂದು ಯಂತ್ರಗಳಿಗೆ ಬೇಕಾದ ಮೂಲಭೂತ ಸೌಲಭ್ಯವೊಂದು ಗ್ನೋಮ್ ಹೊರಗಿನ ಕೆಲವರು ಆರು ತಿಂಗಳಿಗೊಮ್ಮೆ ಓಡಿ ಬಂದು ರಿಪೇರಿ ಮಾಡುವುದರ ಮೇಲೆ ನಿಂತಿದೆ ಎಂಬುದನ್ನು 'ಒಂದು ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಸಾಕು' ಎಂಬ ಸಲೀಸು ಮಾತು ಮುಚ್ಚಿಡುತ್ತದೆ.

ಎಕ್ಸ್‌ಟೆನ್ಶನ್ ಸರಿಯಿದ್ದೂ ಐಕಾನ್ ಬರಲಿಲ್ಲವೆಂದರೆ, ಅಥವಾ ಐಕಾನ್ ಬದಲು ಮೂರು ಚುಕ್ಕಿ ಕಂಡರೆ, ಆ್ಯಪ್ ಫ್ಲ್ಯಾಟ್‌ಪ್ಯಾಕ್‌ನದೋ ನೋಡಿ. ಫ್ಲ್ಯಾಟ್‌ಪ್ಯಾಕ್ ಆ್ಯಪ್ ತನ್ನ ಪೆಟ್ಟಿಗೆಯೊಳಗೆ ಓಡುತ್ತದೆ. ಹೊರಗಿನವರ ಜೊತೆ ಮಾತನಾಡಲು ಅನುಮತಿ ಬೇಕು. ಫ್ಲ್ಯಾಟ್‌ಸೀಲ್ ಎಂಬ ಆ್ಯಪ್ ಹಾಕಿಕೊಂಡು, ಎಡಗಡೆ ಆ್ಯಪ್ ಆರಿಸಿ, ಸೆಷನ್ ಬಸ್ ಎಂಬಲ್ಲಿ ಟಾಕ್ಸ್ ಪಟ್ಟಿಗೆ ಆರ್ಗ್ ಚುಕ್ಕಿ ಕೆಡಿಇ ಚುಕ್ಕಿ ಸ್ಟೇಟಸ್‌ನೋಟಿಫೈಯರ್‌ವಾಚರ್ ಎಂದು ಸೇರಿಸಿ. ಇಂಗ್ಲಿಷ್ ಅಕ್ಷರಗಳಲ್ಲಿ, ಎಸ್, ಎನ್, ಡಬ್ಲ್ಯೂ ಮೂರನ್ನು ದೊಡ್ಡಕ್ಷರದಲ್ಲಿ ಬರೆಯಬೇಕು. ಸಣ್ಣಕ್ಷರ ಬರೆದರೆ ಅದು ಬೇರೆಯೇ ಹೆಸರು. ಆ್ಯಪ್ ಪೂರ್ತಿ ನಿಲ್ಲಿಸಿ ಮತ್ತೆ ಶುರುಮಾಡಿ. ಮೂರು ಚುಕ್ಕಿಯ ಕಾರಣ ಬೇರೆ: ಆ್ಯಪ್ ಹೇಳಿದ ಹೆಸರಿನ ಐಕಾನ್ ಇರುವುದು ಅದರ ಪೆಟ್ಟಿಗೆಯೊಳಗೆ, ಪ್ಯಾನೆಲ್ ಹುಡುಕುವುದು ಹೊರಗೆ. ಎಲೆಕ್ಟ್ರಾನ್ ಎಂಬ ಚೌಕಟ್ಟಿನಲ್ಲಿ ಬರೆದ ಕೆಲವು ಆ್ಯಪ್‌ಗಳು ಚಿತ್ರವನ್ನು ಟೆಂಪ್ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಿ ಬರೆದು ಅದರ ದಾರಿ ಕೊಡುತ್ತವೆ. ಪೆಟ್ಟಿಗೆಯೊಳಗಿನ ಟೆಂಪ್ ಬೇರೆ, ಹೊರಗಿನ ಟೆಂಪ್ ಬೇರೆ. ಇದನ್ನು ಬಳಕೆದಾರ ತಿದ್ದಲಾರ. ಆ್ಯಪ್ ಬರೆದವರಿಗೆ ದೂರು ಕೊಡಬೇಕು.

ಇನ್ನೊಂದು ವಿಚಿತ್ರ ತೊಂದರೆ ಇತ್ತು. ಹೊಸ ಪದ್ಧತಿಯಲ್ಲಿ ಪ್ರತಿ ಐಕಾನಿನ ವಿಳಾಸದಲ್ಲಿ ಆ್ಯಪ್‌ನ ಪ್ರೊಸೆಸ್ ಸಂಖ್ಯೆ ಸೇರಿರುತ್ತದೆ. ಫ್ಲ್ಯಾಟ್‌ಪ್ಯಾಕ್ ಪೆಟ್ಟಿಗೆಯೊಳಗೆ ಎಣಿಕೆ ಹೊಸದಾಗಿ ಶುರುವಾಗುವುದರಿಂದ ಬಹುಪಾಲು ಆ್ಯಪ್‌ಗಳ ಸಂಖ್ಯೆ 2. ಎರಡು ಆ್ಯಪ್ ತೆರೆದರೆ ಎರಡೂ ಒಂದೇ ವಿಳಾಸ ಕೇಳುತ್ತವೆ. ಮೊದಲು ಬಂದವನಿಗೆ ಐಕಾನ್, ಎರಡನೆಯವನಿಗೆ ಇಲ್ಲ. ಸ್ವಂತ ಹೆಸರು ಕೇಳದೆ ಡಿ-ಬಸ್ ಕೊಟ್ಟ ವಿಳಾಸದಲ್ಲೇ ನೋಂದಾಯಿಸಿಕೊಂಡರೆ ಇದು ತಪ್ಪುತ್ತದೆ. ಹೊಸ ಲೈಬ್ರರಿಗಳು ಹಾಗೆ ಮಾಡುತ್ತವೆ. ಹಳೇ ಲೈಬ್ರರಿ ಹೊತ್ತು ತಿರುಗುವ ಆ್ಯಪ್‌ಗಳಲ್ಲಿ ಈ ಕಾಟ ಇನ್ನೂ ಕಾಣಬಹುದು.

ಮ್ಯಾಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಐಕಾನ್ ಸಾಲು ಮೇಲಿನ ಮೆನು ಬಾರ್‌ನಲ್ಲಿ. 2021ರ ಮ್ಯಾಕ್‌ಬುಕ್ ಪ್ರೋಗಳಲ್ಲಿ ಕ್ಯಾಮೆರಾಗೆಂದು ಪರದೆ ಕತ್ತರಿಸಿದ ಮೇಲೆ, ಸಾಲು ಉದ್ದವಾದರೆ ಐಕಾನ್‌ಗಳು ಆ ಕತ್ತರಿಸಿದ ಜಾಗದ ಹಿಂದೆ ಕಾಣೆಯಾಗತೊಡಗಿದವು. ಕಮಾಂಡ್ ಕೀ ಒತ್ತಿ ಹಿಡಿದು ಎಳೆದು ಅವುಗಳ ಕ್ರಮ ಬದಲಿಸಬಹುದು. ದುಬಾರಿ ಯಂತ್ರ ಕೊಂಡರೂ ಈ ಮೂಲೆಯ ಜಗಳ ಬಿಡದು.

ಹಾಗಾದರೆ ಮಾದರಿ ಯಾವುದು? ಪ್ಲಾಸ್ಮಾದ್ದು. ಅದರ ಐಕಾನ್ ಸಾಲಿನ ಬಾಣದ ಮೇಲೆ ಬಲ ಕ್ಲಿಕ್ ಮಾಡಿ ಸಿಸ್ಟಂ ಟ್ರೇಯ ಸೆಟ್ಟಿಂಗ್ಸ್‌ಗೆ ಹೋದರೆ ಪ್ರತಿ ಆ್ಯಪ್‌ನ ಮುಂದೆ ಆಯ್ಕೆಗಳಿರುತ್ತವೆ: ಬೇಕಾದಾಗ ತೋರಿಸು, ಸದಾ ತೋರಿಸು, ಸದಾ ಅಡಗಿಸು. ಪ್ಲಾಸ್ಮಾದ ಸ್ವಂತ ಐಕಾನ್‌ಗಳನ್ನು ಪೂರ್ತಿ ತೆಗೆದೇ ಹಾಕಬಹುದು. 'ಬೇಕಾದಾಗ ತೋರಿಸು' ಎಂಬುದರಲ್ಲಿ ಇಡೀ ವಾದಕ್ಕೆ ಉತ್ತರವಿದೆ. ಆ್ಯಪ್ ಸುಮ್ಮನಿದ್ದೇನೆ ಎಂದರೆ ಐಕಾನ್ ಬಾಣದ ಹಿಂದೆ, ಕೆಲಸ ಇದೆ ಎಂದರೆ ಮುಂದೆ. ಆದರೆ ಆ್ಯಪ್ ನಿಜ ಹೇಳಬೇಕು! ಸಿಂಕ್ ಮುಗಿದು ತಾಸು ಕಳೆದರೂ 'ಕೆಲಸದಲ್ಲಿದ್ದೇನೆ' ಎಂದು ಹೇಳಿಕೊಂಡೇ ಕೂರುವ ಆ್ಯಪ್‌ಗಳಿಗೆ ಕೊರತೆಯಿಲ್ಲ. ಹಳೇ ಎಕ್ಸ್11 ಐಕಾನ್‌ಗಳನ್ನೂ ಹೊಸ ಪದ್ಧತಿಗೆ ಅನುವಾದಿಸುವ ಪುಟ್ಟ ಮಧ್ಯವರ್ತಿ ತಂತ್ರಾಂಶವೊಂದನ್ನು ಪ್ಲಾಸ್ಮಾ ಜೊತೆಗೇ ಕೊಡುತ್ತಾರೆ. ಹತ್ತು ವರ್ಷದ ಹಿಂದಿನ ಆ್ಯಪ್ ಕೂಡ ಅಲ್ಲಿ ಅನಾಥವಾಗುವುದಿಲ್ಲ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಕೂತು ಡೆಸ್ಕ್‌ಟಾಪ್ ಆ್ಯಪ್ ಬರೆಯುವ ನಮ್ಮವರು ಈ ಕಾಗದ ಓದಿದರೆ ಅವರಿಗೂ ಒಂದೆರಡು ಮಾತು. ಇಂಟು ಗುರುತು ಒತ್ತಿದವನು ಮುಚ್ಚಲೆಂದೇ ಒತ್ತಿರುತ್ತಾನೆ. ಹಿನ್ನೆಲೆಯಲ್ಲಿ ಓಡಬೇಕಿದ್ದರೆ ಮೊದಲ ಸಲ ಕೇಳಿ, ಉತ್ತರ ನೆನಪಿಟ್ಟುಕೊಳ್ಳಿ. ಆ್ಯಪ್ ನಿಲ್ಲಿಸುವ ಕ್ವಿಟ್ ಅನ್ನು ಐಕಾನ್ ಮೆನುವಿನಲ್ಲಿ ಮಾತ್ರ ಇಡಬೇಡಿ, ಮುಖ್ಯ ಮೆನುವಿನಲ್ಲೂ ಇಡಿ. ಐಕಾನ್ ಮೆನುವಿನ ಮೊದಲ ಸಾಲು ಕಿಟಕಿ ತೆರೆಯುವಂತಿರಲಿ, ಏಕೆಂದರೆ ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಎಡ ಕ್ಲಿಕ್‌ಗೂ ಮೆನುವೇ ಬರುತ್ತದೆ. ಐಕಾನಿಗೆ ಪಠ್ಯ ವಿವರಣೆ ಕೊಡಿ. ಬಣ್ಣ ಕೆಂಪಾಯಿತು ಎಂಬುದು ಸ್ಕ್ರೀನ್ ರೀಡರ್‌ಗೆ ಕಾಣದು, 'ಸಂಪರ್ಕ ಕಡಿದಿದೆ' ಎಂಬ ಪದಗಳಾದರೆ ಓದಬಹುದು. ಇನ್ನು, ನಿಮ್ಮ ಆ್ಯಪ್‌ಗೆ ಹೇಳಲು ಯಾವ ಸ್ಥಿತಿಯೂ ಇಲ್ಲವಾದರೆ ಐಕಾನ್ ಇಡಲೇಬೇಡಿ.

ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ಈ ಮೂಲೆ ಮಿಕ್ಕವರಿಗಿಂತ ಹೆಚ್ಚು ಬೇಕು, ಅಂಕಣ ಅದನ್ನು ಮುಟ್ಟಿಯೇ ಇಲ್ಲ. ಕೀಬೋರ್ಡ್ ಈಗ ಕನ್ನಡದಲ್ಲಿದೆಯೋ ಇಂಗ್ಲಿಷಿನಲ್ಲಿದೆಯೋ ಎಂದು ತಿಳಿಸುವುದು ಅಲ್ಲಿನ ಎರಡಕ್ಷರ. ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್‌ನಲ್ಲಿ ಕನ್ನಡ ಸೇರಿಸಿದರೆ ಈ ಸೂಚನೆ ತಾನಾಗಿ ಮೇಲುಪಟ್ಟಿಯಲ್ಲಿ ಬರುತ್ತದೆ. ಪಟ್ಟಿಯಲ್ಲಿ ಒಂದೇ ಭಾಷೆಯಿದ್ದರೆ ಬರುವುದಿಲ್ಲ. ಇದು ಬೆರಳಚ್ಚಿಗೆ ಐಬಸ್ ಎಂಬ ತಂತ್ರಾಂಶ ಬಳಸುವವರ ಮಾತು. ಅದೇ ಕೆಲಸ ಮಾಡುವ ಎಫ್‌ಸಿಟಿಎಕ್ಸ್ 5 ಬಳಸುವವರ ಸೂಚನೆ ಬರುವುದು ಐಕಾನ್ ಸಾಲಿನ ಮೂಲಕ. ಬರಿಯ ಗ್ನೋಮ್‌ನಲ್ಲಿ ಅವರಿಗೆ ಏನೂ ಕಾಣದು. ಅವರು ಆ್ಯಪ್‌ಇಂಡಿಕೇಟರ್ ಅಥವಾ ಕಿಮ್‌ಪ್ಯಾನೆಲ್ ಎಕ್ಸ್‌ಟೆನ್ಶನ್ ಹಾಕಿಕೊಳ್ಳಲೇಬೇಕು.

ಸೂಚನೆ ಇಲ್ಲದಾಗ ಪೆಟ್ಟು ಬೀಳುವುದು ಪಾಸ್‌ವರ್ಡ್ ಹೊಡೆಯುವಾಗ. ಇನ್‌ಸ್ಕ್ರಿಪ್ಟ್ ಎಂಬ ಭಾರತೀಯ ಭಾಷೆಗಳ ಕೀಬೋರ್ಡ್ ವಿನ್ಯಾಸದಲ್ಲಿ ಕೆ ಒತ್ತಿದರೆ ಕ, ಎಚ್ ಒತ್ತಿದರೆ ಪ, ಡಿ ಒತ್ತಿದರೆ ಅರ್ಧಾಕ್ಷರದ ಚಿಹ್ನೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಎಲ್ಲವೂ ಚುಕ್ಕಿಯಾಗಿ ಕಾಣುವುದರಿಂದ ತಪ್ಪು ಕಣ್ಣಿಗೆ ಬೀಳದು. ಲಿಪ್ಯಂತರಣದಂಥ ಇನ್‌ಪುಟ್ ಮೆಥಡ್‌ಗಳನ್ನು ಗ್ನೋಮ್ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ತಾನೇ ತಡೆಯುತ್ತದೆ. ಆದರೆ ನೇರ ಕೀಬೋರ್ಡ್ ವಿನ್ಯಾಸವಾಗಿ ಸೇರಿಸಿದ ಕನ್ನಡವನ್ನು ತಡೆಯುವುದಿಲ್ಲ. ಲಾಕ್ ಪರದೆ ಸರಿಯಾದ ಪಾಸ್‌ವರ್ಡನ್ನು ಒಪ್ಪದಿದ್ದರೆ ಕ್ಯಾಪ್ಸ್ ಲಾಕ್ ನೋಡಿದ ಮೇಲೆ ಆ ಎರಡಕ್ಷರವನ್ನೂ ನೋಡಿ, ವಿಂಡೋಸ್ ಗುರುತಿನ ಕೀ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಿಸಿ, ಪೆಟ್ಟಿಗೆ ಖಾಲಿ ಮಾಡಿ ಮೊದಲಿಂದ ಹೊಡೆಯಿರಿ.

ಅಂಕಣದ ಎಕ್ಸ್‌ಟೆನ್ಶನ್ ಹಂತಗಳ ಬದಲು ಉಬುಂಟು ಮತ್ತು ಫೆಡೋರಾಗೆ ಬೇರೆ ಬೇರೆಯಾಗಿ ಮೇಲಿನ ವಿವರವನ್ನು ಮುಂದಿನ ವಾರ ಪ್ರಕಟಿಸಬೇಕಾಗಿ ವಿನಂತಿ.

ಇಂತಿ,
ಲಿನಕ್ಸ್ ಬಳಸುವ ಓದುಗ
ಶಿವಮೊಗ್ಗ